ಕಡಲ ಗೆರೆ ಪ್ರಾಜೆಕ್ಟ್, ವಾರ 6: ಗೆರೆ ಇದ್ದಲ್ಲೇ ಇದೆ, ಮರಳೆಲ್ಲಿ?

ಅಪ್‌ಡೇಟ್ ಸ್ವಲ್ಪ ಲೇಟಾಯ್ತು. ಹೊಸದಾಗಿ ಓದ್ತಿರೋರಿಗೆ, ಒಂದು ಬ್ರೇಕ್‌ವಾಟರ್ (ಅಲೆ ತಡೆಯೋಕೆ ಸಮುದ್ರದೊಳಗೆ ಹಾಕೋ ಕಲ್ಲಿನ ಕಟ್ಟೆ) ಕಟ್ಟೋ ಯೋಜನೆಯ ಪರಿಸರ ಪರಿಣಾಮದ ರಿಪೋರ್ಟ್ ಇದೆ, ಅದರಲ್ಲಿ ಕಡಲತೀರದ ಬಗ್ಗೆ ಬರೆದಿರೋದನ್ನ ನಾನು ಫ್ರೀ ಸ್ಯಾಟಲೈಟ್ ಚಿತ್ರ, ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್ ಇಟ್ಕೊಂಡು ಚೆಕ್ ಮಾಡ್ತಿದೀನಿ. ಎಂಜಿನಿಯರ್ ಅಲ್ಲ ಏನಲ್ಲ, ಹುಚ್ಚು ಅಷ್ಟೇ.

ಮೂರು ವಾರ ಒಂದೇ ವಾಕ್ಯದ ಮೇಲೆ ಹೋಯ್ತು. ತೀರ ಸ್ಥಿರವಾಗಿದೆ ಅಂತ ಬರೆದು ಸಾಕ್ಷಿಗೆ ಎರಡು ಚಿತ್ರ ಹಾಕಿದಾರೆ, ಒಂದು ಹಳೇ ಸ್ಯಾಟಲೈಟ್ ಲ್ಯಾಂಡ್‌ಸ್ಯಾಟ್ 5ರದ್ದು, ಇನ್ನೊಂದು ಹೊಸದು, ಸೆಂಟಿನೆಲ್-2ರದ್ದು. ತಾರೀಖು ಇದೆ, ಆ ಹೊತ್ತಲ್ಲಿ ಭರತ ಇತ್ತಾ ಇಳಿತ ಇತ್ತಾ ಅನ್ನೋದು ಇಲ್ಲ. ಈ ಸ್ಯಾಟಲೈಟ್‌ಗಳು ಬಂದಾಗಲೆಲ್ಲ ಬೆಳಿಗ್ಗೆ ಹತ್ತರ ಆಸುಪಾಸಲ್ಲೇ ಹಾದುಹೋಗ್ತವೆ, ಆದ್ರೆ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗತ್ತೆ, ಸಮುದ್ರ ಯಾರ ಗಡಿಯಾರಾನೂ ನೋಡಲ್ಲ. ದಂಡೆ 50 ಮೀಟರ್‌ಗೆ 1 ಮೀಟರ್ ಇಳಿಜಾರು ಅಂದ್ಕೊಳ್ಳಿ, ನೀರು ಒಂದೇ ಮೀಟರ್ ಏರಿದ್ರೂ ಗೆರೆ, ಅಂದ್ರೆ ನೀರು ನೆಲ ಸೇರೋ ಅಂಚು, 50 ಮೀಟರ್ ಒಳಗೆ ಬಂದುಬಿಡತ್ತೆ. ಮೂವತ್ತು ವರ್ಷದ ಕೊರೆತಾನೇ ಅದರಲ್ಲಿ ಮುಚ್ಚಿಹೋಗಬಹುದು. ಮೇಲಿಂದ ಹಳೇ ಚಿತ್ರದ ಒಂದು ಪಿಕ್ಸೆಲ್ಲೇ 30 ಮೀಟರ್, ಹೊಸದರದ್ದು 10.

ಗೆರೆ ಎಳೆಯೋಕೆ ಎನ್‌ಡಿಡಬ್ಲ್ಯೂಐ ಬಳಸ್ತಿದೀನಿ, ಚಿತ್ರದಲ್ಲಿ ನೀರು ಯಾವುದು ನೆಲ ಯಾವುದು ಅಂತ ಬೇರೆ ಮಾಡೋ ಲೆಕ್ಕ ಅದು. ಹಸಿರು ಬೆಳಕಿನ ಬ್ಯಾಂಡ್ ಮೈನಸ್ ನಿಯರ್ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು), ಅದನ್ನ ಎರಡರ ಮೊತ್ತದಿಂದ ಭಾಗಿಸೋದು, ನೀರು ಪ್ಲಸ್ ಬರತ್ತೆ ನೆಲ ಮೈನಸ್. ಕೇಳೋಕೆ ಸಲೀಸು. ನಾಲ್ಕನೇ ವಾರ ಹೊಸದಾಗಿ ಮರಳು ದಿಬ್ಬ ಎದ್ದಿದೆ ಅಂತ ಕುಣಿದಿದ್ನಲ್ಲ, ಅದು ದಿಬ್ಬ ಅಲ್ಲ ಸ್ವಾಮಿ, ಅಲೆ ಒಡೆದ ನೊರೆ. ಬಿಳೀ ನೊರೆ ನಿಯರ್ ಇನ್‌ಫ್ರಾರೆಡ್‌ನಲ್ಲೂ ಹೊಳೆಯೋದ್ರಿಂದ ಲೆಕ್ಕ ಅದನ್ನ ನೆಲ ಅಂದ್ಕೊಂಡಿತ್ತು. ಆ ಲೇಯರ್ ಡಿಲೀಟ್ ಮಾಡಿದೆ, ಮರ್ಯಾದೆ ಉಳೀತು.

ನನ್ನ ವಿಧಾನಾನೇ ಸರಿ ಇದೆಯಾ ಅಂತ ನೋಡೋಕೆ, ಏನಾಗಿದೆ ಅಂತ ಎಲ್ಲರಿಗೂ ಗೊತ್ತಿರೋ ಒಂದು ಜಾಗ ಬೇಕಿತ್ತು, ಪುದುಚೇರಿ ತಗೊಂಡೆ. ಅಲ್ಲಿ ಬಂದರಿನ ಬ್ರೇಕ್‌ವಾಟರ್ ಕಟ್ಟಿದ್ದು 1980ರ ದಶಕದ ಕೊನೇಲಿ. ಆ ಕರಾವಳೀಲಿ ವರ್ಷದ ಒಟ್ಟು ಲೆಕ್ಕದಲ್ಲಿ ಮರಳು ದಕ್ಷಿಣದಿಂದ ಉತ್ತರಕ್ಕೆ ಹೋಗತ್ತೆ, ಕಲ್ಲು ಅಡ್ಡ ಬಂದ ಮೇಲೆ ದಕ್ಷಿಣದಲ್ಲಿ ಗುಡ್ಡೆ ಬಿತ್ತು, ಉತ್ತರಕ್ಕೆ ಬರೋದು ನಿಂತು ದಂಡೆ ಸವೀತು. ನನ್ನ ಗೆರೇಲೂ ದಕ್ಷಿಣ ಚೆನ್ನಾಗಿ ಮುಂದೆ ಬಂದಿದೆ, ಖುಷಿಯಾಯ್ತು. ಆದ್ರೆ ಊರ ಮುಂದೆ ಗೆರೆ ಅಲ್ಲಾಡೇ ಇಲ್ಲ! ಅರ್ಧ ದಿನ ಕೋಡಲ್ಲಿ ತಪ್ಪು ಹುಡುಕಿದೆ. ಆಮೇಲೆ ಝೂಮ್ ಮಾಡಿ ನೋಡಿದ್ರೆ ಊರುದ್ದಕ್ಕೂ ಕಲ್ಲಿನ ತಡೆಗೋಡೆ. ಗೆರೆ ಹಿಡಿದು ನಿಲ್ಸಿರೋದು ಕಲ್ಲು, ಅದರ ಮುಂದಿದ್ದ ಬೀಚು ಯಾವತ್ತೋ ಹೋಗಿತ್ತು. ಕೊರೆತ ಗೋಡೆ ಮುಗಿಯೋ ಕಡೆಯಿಂದ ಉತ್ತರಕ್ಕೆ, ಮೀನುಗಾರರ ಹಳ್ಳಿಗಳ ಕಡೆ ದಾಟಿದೆ.

ತಕ್ಷಣ ರಿಪೋರ್ಟಿನ ಮ್ಯಾಪ್ ಮತ್ತೆ ತೆಗೆದೆ. ಸ್ಥಿರ ಅಂದಿರೋ ಉದ್ದದಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಆಗಲೇ ಕಲ್ಲು ಹಾಕಿದೆ. ಸ್ಥಿರ ಆಗಿರದೇ ಇನ್ನೇನಾಗಿರತ್ತೆ! ಮರಳು ಹರಿದು ಹೋಗೋ ದಿಕ್ಕಲ್ಲಿ ಗೋಡೆ ಎಲ್ಲಿ ಮುಗಿಯತ್ತೋ, ಸರಿಯಾಗಿ ಅಲ್ಲೇ ಅವರ ಅಧ್ಯಯನದ ಗಡೀನೂ ಮುಗಿಯತ್ತೆ. ಬೇಕಂತ ಮಾಡಿದಾರೆ ಅಂತ ನಾನು ಹೇಳಲ್ಲ, ಯೋಜನೆ ಸುತ್ತ ಒಂದು ವೃತ್ತ ಎಳೆಯೋದು ರೂಢಿ, ಆದ್ರೆ ಮರಳು ವೃತ್ತದಲ್ಲಿ ಹೋಗಲ್ವಲ್ಲ. ರಿಪೋರ್ಟಲ್ಲಿರೋ ಅಲೆ, ಮರಳಿನ ಅಳತೇನೂ ಸಮುದ್ರ ಶಾಂತವಾಗಿರೋ ಒಂದೇ ಸೀಸನ್ನಿಂದು, ದಂಡೆ ಕಿತ್ಕೊಂಡು ಹೋಗೋದು ಅಲೆ ಜೋರಿರೋ ತಿಂಗಳಲ್ಲಿ.

ಈಗ ಎಲ್ಲಾ ಚಿತ್ರಕ್ಕೂ ಟೈಡ್ ಟೇಬಲ್ (ಭರತ-ಇಳಿತದ ವೇಳಾಪಟ್ಟಿ) ಹೊಂದಿಸ್ತಿದೀನಿ, ನೀರಿನ ಮಟ್ಟದಲ್ಲಿ 20 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇರೋದೆಲ್ಲ ಔಟ್. ಮೋಡ ಇರೋದೂ ಔಟ್. ಹೀಗೇ ಸೋಸಿ ಸೋಸಿ ಕೈಯಲ್ಲಿ ಉಳಿದಿರೋದು ಒಂಬತ್ತು ಚಿತ್ರ. ಮುಂದಿನ ವಾರ ಕಲ್ಲಿರೋ ಭಾಗ ಬೇರೆ, ಬರೀ ಮರಳಿರೋ ಭಾಗ ಬೇರೆ ಮಾಡಿ ಗೆರೆ ಎಳೀತೀನಿ, ವೃತ್ತದಾಚೆಗೂ.