73939133

ಈ ಸಂಖ್ಯೆಯನ್ನು ಒಮ್ಮೆ ನೋಡಿ. ಏಳು ಕೋಟಿ ದಾಟಿದ ಅವಿಭಾಜ್ಯ ಸಂಖ್ಯೆ. ಬಲಗಡೆಯಿಂದ ಒಂದೊಂದೇ ಅಂಕಿ ಅಳಿಸುತ್ತಾ ಬನ್ನಿ: 7393913, 739391, 73939, 7393, 739, 73, ಕೊನೆಗೆ 7. ಎಲ್ಲವೂ ಅವಿಭಾಜ್ಯವೇ!

ಸೋಮವಾರಪೇಟೆ ಕಡೆ ಮಳೆ ಹಿಡಿದರೆ ಗೊತ್ತಲ್ವಾ, ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಹಾಗಾಗಿ ನಿನ್ನೆ ಸಂಜೆ ತೋಟದ ಗೊಬ್ಬರದ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದು 7393 ಅನ್ನು ನಾನೇ ಭಾಗಿಸಿ ನೋಡಿದೆ. 83ರ ತನಕದ ಅವಿಭಾಜ್ಯಗಳು ಸಾಕು, ಯಾಕೆಂದರೆ 86ರ ವರ್ಗ 7396, ಇದನ್ನು ದಾಟಿಬಿಡುತ್ತದೆ. 3, 7, 11, 13... ಒಂದಕ್ಕೂ ಬಗ್ಗಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ, ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕರೆದು ತೋರಿಸಿದೆ. "ಇದರಿಂದ ಏನು ಉಪಯೋಗ ಮಗಾ" ಅಂದರು. ಉಪಯೋಗ ಗೊತ್ತಿಲ್ಲ ಅಮ್ಮ, ಸುಮ್ನೆ ಚೆಂದ ಇದೆ ಅಂದೆ. ನನಗೆ ಅಷ್ಟು ಸಾಕು.

ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಕಾಣುವ ಗುಣ ಇದು. ಈ ಜಾತಿಯಲ್ಲಿ ಇದೇ ಅತಿ ದೊಡ್ಡದು. ಕೊನೆಗೆ 1 ಅಥವಾ 7 ಸೇರಿಸಿದರೆ ಅಂಕಿಗಳ ಮೊತ್ತ 39 ಇಲ್ಲವೇ 45, ಎರಡೂ ಮೂರರ ಮಗ್ಗಿಯಲ್ಲೇ ಬರುತ್ತವೆ. 3, 9 ಸೇರಿಸಿದರೂ ಅವಿಭಾಜ್ಯ ಸಿಗುವುದಿಲ್ಲ. ಅಲ್ಲಿಗೆ ದಾರಿ ಮುಗಿಯಿತು.