ಟಿ.ಎ. (ಟೆರಿಟೋರಿಯಲ್ ಆರ್ಮಿ) ಜವಾನರ ಸ್ಮಾರಕದ ಕಲ್ಲಿನ ಮೇಲೆ ಏನು ಬರೆಸಬೇಕು?

ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯ ಊರುಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ: “ನಮ್ಮೂರ ಹುಡುಗ ಟೆರಿಟೋರಿಯಲ್ ಆರ್ಮಿಯಲ್ಲಿದ್ದ, ಡ್ಯೂಟಿ ಮೇಲೇ ತೀರಿಕೊಂಡ. ಹೆಂಡತಿ, ಎರಡು ಮಕ್ಕಳಿದ್ದಾವೆ. ಸೈನಿಕ ಅಂತ ಬರೆಸಬಹುದಾ? ಕಲ್ಲಿನ ಮೇಲೆ ಏನೇನು ಇರಬೇಕು?”

ಅಳುಕದೇ ಬರೆಸಿ. 1948ರ ಕಾಯ್ದೆಯಿಂದ ಹುಟ್ಟಿ 1949ರ ಅಕ್ಟೋಬರ್ 9ರಂದು ಉದ್ಘಾಟನೆಯಾದ ಪಡೆ ಅದು. ನಮಗೆ ಹತ್ತಿರದ ಕೊಲ್ಹಾಪುರದಲ್ಲೇ ಮರಾಠಾ ಲೈಟ್ ಇನ್‌ಫೆಂಟ್ರಿಯ 109ನೇ ಟಿ.ಎ. ಬಟಾಲಿಯನ್ ಇದೆ. ತರಬೇತಿ ಮುಗಿದರೆ ಹೊಲಮನೆ, ಕರೆ ಬಂದರೆ ಸಮವಸ್ತ್ರ. ಹಾಗೆ ಕರೆಸಿಕೊಳ್ಳುವುದಕ್ಕೆ ಪಡೆಯಲ್ಲಿ ‘ಎಂಬಾಡಿಮೆಂಟ್’ ಅನ್ನುತ್ತಾರೆ. ಆ ಅವಧಿಯಲ್ಲಿ ಅವರಿಗೂ ಸೇನಾ ಕಾಯ್ದೆಯೇ ಅನ್ವಯ.

ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಭರ್ತಿಯಾದ ದಿನದಿಂದ ಕೊನೆಯ ದಿನದವರೆಗೆ ಎಣಿಸಿ ‘ಇಷ್ಟು ವರ್ಷ ಗಡಿ ಕಾಯ್ದರು’ ಎಂದು ಬರೆಸಿಬಿಡುತ್ತಾರೆ. ಭರ್ತಿಯ ವರ್ಷ ಬೇರೆ, ಎಂಬಾಡಿಮೆಂಟ್‌ನ ಅವಧಿಗಳು ಬೇರೆ. ಸೇವಾ ನಂಬರು, ಹುದ್ದೆ, ಘಟಕ, ಅವಧಿಗಳನ್ನು ಘಟಕದ ಕಾಗದ ನೋಡಿಯೇ ಇಳಿಸಿಕೊಳ್ಳಿ, ನೆನಪಿನಿಂದ ಬೇಡ. ಹಿಮಕುಸಿತದಲ್ಲೋ ವಾಹನ ಅಪಘಾತದಲ್ಲೋ ಹೋಗಿದ್ದರೆ ಹಾಗೆಂದೇ ಬರೆಸಿ. ‘ಶತ್ರುಗಳೊಡನೆ ಕಾದಾಡಿ’ ಎಂದು ಸೇರಿಸಿದರೆ ಅವರ ನಿಜವಾದ ಸೇವೆಯೇ ಮರೆಯಾಗುತ್ತದೆ. ‘ಹುತಾತ್ಮ’ ಸೇನೆಯ ಅಧಿಕೃತ ಪದವಲ್ಲ, ಜನರ ಪದ. ಜನರ ಕಲ್ಲಿನ ಮೇಲೆ ಅದು ಇರಲಿ.

ಹಳೇ ವೀರಗಲ್ಲು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಶಾಸನವಿದ್ದರೆ ತುರು ಕಾಯಲು ಹೋಗಿ ಸತ್ತನೋ, ಊರು ಕಾಯಲು ಹೋಗಿಯೋ, ಕಲ್ಲು ನಿಲ್ಲಿಸಿದವರು ಯಾರು ಎಂಬುದೂ ಸಿಗುತ್ತದೆ. ಈಗಿನ ಕಲ್ಲುಗಳಲ್ಲಿ ಫೋಟೋ ಮತ್ತು ‘ಅಮರ್ ರಹೇ’ ಬಿಟ್ಟರೆ ಏನೂ ಇರುವುದಿಲ್ಲ. ಟಿ.ಎ. ಜವಾನನಿಗೆ ಎರಡು ದುಡಿಮೆ ಇದ್ದವು, ಎರಡೂ ಬರಬೇಕು. ‘ದ್ರಾಕ್ಷಿ ಬೆಳೆಗಾರ’ ಎಂಬ ಒಂದು ಪದ ಸಾಕು, ಅಕ್ಟೋಬರ್ ಛಾಟಣಿಗೆ (ಬಳ್ಳಿ ಸವರುವುದಕ್ಕೆ) ಕತ್ತರಿ ಹಿಡಿದು ಸಾಲಿನಲ್ಲಿ ನಿಂತಿದ್ದ ಮನುಷ್ಯ ಊರಿನವರ ಕಣ್ಮುಂದೆ ಬರುತ್ತಾನೆ. ತಂದೆತಾಯಿ, ಹೆಂಡತಿ, ಮಕ್ಕಳ ಹೆಸರೂ ಇರಲಿ, ಅವರು ಒಪ್ಪಿದರೆ.

ಇನ್ನು ಅಕ್ಷರ. ಈ ಕಡೆ ಕೊರೆಯುವವರ ಕಂಪ್ಯೂಟರಿನಲ್ಲಿ ಮರಾಠಿ ಫಾಂಟು ಚೆನ್ನಾಗಿರುತ್ತದೆ, ಕನ್ನಡದ್ದು ಕೈಕೊಡುತ್ತದೆ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಿಸಿದ ಫೈಲು ಅಲ್ಲಿ ತೆರೆದರೆ ಅಡ್ಡಾದಿಡ್ಡಿ ಚಿಹ್ನೆಗಳಾಗುತ್ತದೆ; ಯೂನಿಕೋಡ್ ಕಳಿಸಿದರೂ ಹಳೇ ಡಿಸೈನ್ ಸಾಫ್ಟ್‌ವೇರಿನಲ್ಲಿ ‘ಹುತಾತ್ಮ’ ಹೋಗಿ ‘ಹುತಾತ್‌ಮ’ ಆಗಬಹುದು. ಆದ್ದರಿಂದ ಪಿಡಿಎಫ್ ಮಾಡಿ ಕೊಡಿ, ಅಳತೆಗೆ ತಕ್ಕ ಪ್ರಿಂಟನ್ನೂ ಜೊತೆಗಿಡಿ. ಅಕ್ಷರ ತೀರಾ ಚಿಕ್ಕದಾದರೆ ಒತ್ತಕ್ಷರದ ಸಂದಿಯಲ್ಲಿ ಬಣ್ಣ ತುಂಬಿಕೊಂಡು ಓದಲು ಬರುವುದಿಲ್ಲ. ಕನ್ನಡ, ಮರಾಠಿ ಎರಡರಲ್ಲೂ ಬರೆಸುವುದಾದರೆ ಎರಡರ ತಾರೀಖನ್ನೂ ತಾಳೆ ನೋಡಿ. ಕೊರೆಯುವ ಮೊದಲು ಅವರ ತಾಯಿಗೋ ಹೆಂಡತಿಗೋ ಜೋರಾಗಿ ಓದಿ ಹೇಳಿ. ಹೆಸರಿನ ತಪ್ಪು ಅವರಿಗೇ ಮೊದಲು ಗೊತ್ತಾಗುತ್ತದೆ.

ಪಾರ್ಥಿವ ಶರೀರದ ಮೇಲೆ ಹೊದಿಸಿದ್ದ ಧ್ವಜವನ್ನು ಮನೆಯವರಿಗೆ ಕೊಟ್ಟಿರುತ್ತಾರೆ. ಮಡಿಸುವಾಗ ಕೇಸರಿ, ಹಸಿರು ಪಟ್ಟಿಗಳು ಬಿಳಿಯ ಕೆಳಗೆ ಹೋಗಬೇಕು. ಆಮೇಲೆ ಎರಡೂ ತುದಿ ಒಳಗೆ ಮಡಿಸಿದರೆ ಚಕ್ರ, ಜೊತೆಗೆ ಕೇಸರಿ-ಹಸಿರಿನ ಅಂಚು ಮಾತ್ರ ಕಾಣುತ್ತವೆ. ಗಾಜಿನ ಚೌಕಟ್ಟಿನಲ್ಲಿ ಮೊಳೆ, ಪಿನ್ನು ಬೇಡ, ತುಕ್ಕು ಬಟ್ಟೆಗೆ ಹತ್ತುತ್ತದೆ. ಬಿಸಿಲು ಬೀಳುವ ಗೋಡೆಯೂ ಬೇಡ.

ಕಲ್ಲಿಗಿಂತ ಮೊದಲು ಮಾಡಬೇಕಾದ್ದು ಒಂದಿದೆ: ಅವರ ದನಿ ಉಳಿಸಿಕೊಳ್ಳುವುದು. 120 ದಿನ ಬಳಸದಿದ್ದರೆ ಅವರ ವಾಟ್ಸಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಕ್ಯಾಂಪಿನಿಂದ ಅವರು ಕಳಿಸಿದ ವಾಯ್ಸ್ ಮೆಸೇಜುಗಳು ಹೆಂಡತಿಯ ಫೋನಿನಲ್ಲಿ ಇರುತ್ತವೆ, ಆ ಫೋನು ಕೆಟ್ಟರೆ ಅವೂ ಇಲ್ಲ. ಈ ವಾರವೇ ಪೆನ್‌ಡ್ರೈವ್‌ಗೆ ಒಂದು, ಇನ್ನೊಂದು ಮನೆಯ ಕಂಪ್ಯೂಟರಿಗೆ ಒಂದು ಪ್ರತಿ ತೆಗೆದಿಡಿ. ಚಿಕ್ಕ ಮಗುವಿಗೆ ಅಪ್ಪನ ದನಿ ಇರುವುದು ಅಲ್ಲಿ ಮಾತ್ರ.