ಆಡೋರ್ನೆಸ್ ಉಯಿಲಿನ ಎರಡು ಚಿತ್ರಗಳು: ಈವರೆಗಿನ ಹುಡುಕಾಟ

ಹದಿನೈದನೇ ಶತಮಾನದ ಫ್ಲೆಮಿಶ್ ಚಿತ್ರಕಾರ ಯಾನ್ ವಾನ್ ಐಕ್ ಹೆಸರಿನಲ್ಲಿರುವ ಸಂತ ಫ್ರಾನ್ಸಿಸ್ ಚಿತ್ರಗಳು ಯಾರ್ಯಾರ ಕೈ ದಾಟಿ ಬಂದವು ಅಂತ ಪಟ್ಟಿ ಮಾಡುವ ಕೆಲಸ ಈಗ ಒಂದು ಹಂತಕ್ಕೆ ಬಂದಿದೆ. ಒಂದೇ ದೃಶ್ಯ, ಎರಡು ಚಿತ್ರ: ಫ್ರಾನ್ಸಿಸ್‌ನ ಮೈಮೇಲೆ ಕ್ರಿಸ್ತನ ಗಾಯದ ಗುರುತುಗಳು ಮೂಡುವ ಗಳಿಗೆ. ದೊಡ್ಡದು ಇಟಲಿಯ ಟ್ಯೂರಿನ್‌ನಲ್ಲಿದೆ, ಸುಮಾರು 29 × 33 ಸೆಂ.ಮೀ. ಫಿಲಡೆಲ್ಫಿಯಾದ್ದು ಬರೀ 12.7 × 14.6 ಸೆಂ.ಮೀ. ಅದೂ ಹಲಗೆಗೆ ಅಂಟಿಸಿದ ತೆಳು ಚರ್ಮದ ಹಾಳೆಯ ಮೇಲೆ ಬರೆದದ್ದು.

ಪಟ್ಟಿಯಲ್ಲಿ ತುಂಬಾ ಹಿಡಿಸಿದ ಸಾಲು 1470ರದ್ದು. ಬ್ರೂಜ್‌ನ ಶ್ರೀಮಂತ ವ್ಯಾಪಾರಿ ಆನ್ಸೆಲ್ಮ್ ಆಡೋರ್ನೆಸ್ ಜೆರುಸಲೇಮ್ ಯಾತ್ರೆಗೆ ಹೊರಡುವ ಮುಂಚೆ ಉಯಿಲು ಬರೆಸಿದ. ಸನ್ಯಾಸಿನಿಯರಾಗಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ತಲಾ ಒಂದು ಸಂತ ಫ್ರಾನ್ಸಿಸ್ ಚಿತ್ರ, ಎರಡೂ ವಾನ್ ಐಕ್ ಕೈಯವು ಅಂತ ಅದರಲ್ಲಿದೆ. ಚಿತ್ರ ಮುಚ್ಚುವ ಪುಟ್ಟ ಬಾಗಿಲುಗಳ ಮೇಲೆ ತನ್ನ ಮತ್ತು ಹೆಂಡತಿಯ ಮುಖ ಬರೆಸಬೇಕು ಅಂತಲೂ ಹೇಳಿದ್ದಾನೆ. ಮಠದಲ್ಲಿ ಪ್ರಾರ್ಥನೆಗೆ ಕೂತಾಗ ಮಕ್ಕಳಿಗೆ ಅಪ್ಪ ಅಮ್ಮ ಕಾಣಲಿ ಅಂತಿರಬೇಕು, ಅಲ್ವಾ? ಆದರೆ ವಾನ್ ಐಕ್ 1441ರಲ್ಲೇ ತೀರಿಕೊಂಡ. ಆಗ ಆನ್ಸೆಲ್ಮ್ ಇನ್ನೂ ಹದಿಹರೆಯದ ಹುಡುಗ. ಚಿತ್ರಗಳು ಮನೆಯ ಹಿರಿಯರಿಂದ ಬಂದಿರುವುದೇ ಜಾಸ್ತಿ ಸಾಧ್ಯ ಅನ್ನಿಸಿ, ಅವನ ಹೆಸರಿನ ಮೇಲೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.

ಆಮೇಲೆ ಮೂರೂವರೆ ಶತಮಾನದ ಕಂದಕ. 1820ರ ದಶಕದಲ್ಲಿ ಲಿಸ್ಬನ್‌ನಲ್ಲಿದ್ದ ಬ್ರಿಟಿಷ್ ರಾಯಭಾರಿ, ಮುಂದೆ ಲಾರ್ಡ್ ಹೇಟ್ಸ್‌ಬರಿ ಆದವನು, ಚಿಕ್ಕ ಚಿತ್ರವನ್ನು ಕೊಂಡ. ಅದನ್ನು ಬರೆದವನು ಜರ್ಮನ್ ಚಿತ್ರಕಾರ ಡ್ಯೂರರ್ ಅಂತ ಆಗಿನ ನಂಬಿಕೆ. 1894ರಲ್ಲಿ ಅದು ಫಿಲಡೆಲ್ಫಿಯಾದ ವಕೀಲ ಜಾನ್ ಜಿ. ಜಾನ್ಸನ್ ಪಾಲಾಯಿತು.

ಬರೆದವರು ಯಾರು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಎರಡೂ ಯಾನ್‌ದೇ ಅನ್ನುವವರಿದ್ದಾರೆ, ಒಂದು ಮಾತ್ರ ಅನ್ನುವವರಿದ್ದಾರೆ, ಶಿಷ್ಯರ ಕೆಲಸ ಅನ್ನುವವರೂ ಇದ್ದಾರೆ. ಫ್ರಾನ್ಸಿಸ್‌ನ ಪಾದಗಳನ್ನು ದೊಡ್ಡದು ಮಾಡಿ ನೋಡಿ. ಮಂಡಿಯೂರಿದ ಮೈಗೂ ಹಿಂದೆ ಚಾಚಿದ ಪಾದಗಳಿಗೂ ಸರಿಯಾಗಿ ಹೊಂದುವುದಿಲ್ಲ. ವಾನ್ ಐಕ್ ಅಂಥವನು ಹೀಗೆ ಬರೆದಾನೇ ಅಂತ ಅನುಮಾನ ಬರುವುದು ಸಹಜ. ಪಕ್ಕದಲ್ಲೇ ನಿದ್ದೆ ಹೋಗಿರುವ ಜೊತೆಗಾರ ಸನ್ಯಾಸಿ ಲಿಯೋ, ದೂರದ ನದಿ, ಊರು ನೋಡಿದರೆ ಆ ಅನುಮಾನ ಸಡಿಲವಾಗುತ್ತದೆ.

ಮರದ ಉಂಗುರಗಳ ಪರೀಕ್ಷೆ ಇನ್ನೊಂದು ಸುಳಿವು ಕೊಟ್ಟಿದೆ. ಫಿಲಡೆಲ್ಫಿಯಾದ ಹಲಗೆಯೂ ಬರ್ಲಿನ್‌ನಲ್ಲಿರುವ ವಾನ್ ಐಕ್‌ನ ಎರಡು ಭಾವಚಿತ್ರಗಳ ಹಲಗೆಗಳೂ ಒಂದೇ ಮರದವು. ಹಾಗಾಗಿ ಚಿಕ್ಕ ಚಿತ್ರ ಅವನ ಕಾರ್ಯಾಗಾರದಿಂದಲೇ ಹೊರಟಿದ್ದು ಅಂತ ನಾನು ನಂಬುತ್ತೇನೆ. ಕುಂಚ ಹಿಡಿದವರು ಯಾರು ಅನ್ನೋದಕ್ಕೆ ಮರದ ಸಾಕ್ಷಿ ಸಾಲದು.

ಮುಂದಿನ ಕೆಲಸ ಟ್ಯೂರಿನ್ ಚಿತ್ರದ ಕಾಲಂ. ಅಲ್ಲಿನ ಗ್ಯಾಲರಿ ಅದನ್ನು 1866ರಲ್ಲಿ ಕೊಂಡಿತು. ಅಲ್ಲಿಂದ ಹಿಂದಕ್ಕೆ ಹೋಗಬೇಕು.